ಜರ್ಮನಿಯ ಹಳ್ಳಿಗಳ ನಡುವೆ ಕಾಲ್ನಡೆಯ ಯಾತ್ರೆ

ನಮ್ಮ ಮಗಳು ಜರ್ಮನಿಯ ಲೈಪ್ಸಿಗ್ ಪಟ್ಟಣವನ್ನು ಸೇರಿ ಏಳು ವರುಷಗಳಾದುವು. ಮೊದಲು ವ್ಯಾಸಂಗಕ್ಕೆಂದು ಹೋದಳು. ವ್ಯಾಸಂಗ ಮುಗಿದ ಮೇಲೆ ಅಲ್ಲಿಯೇ ಉದ್ಯೋಗವು ದೊರೆಯಿತು. “ಇನ್ನೆರಡು ವರುಷ”, “ಇನ್ನೊಂದೇ ವರುಷ” ಎಂದು ಹೇಳುತ್ತ ಬಂದವಳು, ಎರಡು ವರುಷಗಳ ಹಿಂದೆ ದೀಪಾವಳಿಯ ಹೊತ್ತಿಗೆ, ತಾನು ಇನ್ನು ಅಲ್ಲಿಯೇ ನೆಲಸುವುದಾಗಿ ನಿಶ್ಚಯಿಸಿರುವೆನೆಂದು ತಿಳಿಸಿದಳು. ನಮ್ಮ ಯಜಮಾನರು ಎಂಟು ದಿನ ಈ ವಿಷಯವನ್ನು ಎತ್ತಲಿಲ್ಲ. ಒಂಬತ್ತನೆಯ ದಿನ ಅಟ್ಟದ ಮೇಲಿನಿಂದ ಹಳೆಯ ಭೂಪಟದ ಪುಸ್ತಕವನ್ನು ಇಳಿಸಿಕೊಂಡು ಕುಳಿತರು. “ಹೆಣ್ಣು ಕೊಡುವ ಮನೆಯನ್ನಾದರೂ ನಾಲ್ಕು ಸಲ ಹೋಗಿ ನೋಡಿಕೊಂಡು ಬರುತ್ತೇವೆ. ಮಗಳನ್ನೇ ಇಟ್ಟುಕೊಳ್ಳುವ ದೇಶವನ್ನು ನೋಡದೆ ಇರುವುದು ಹೇಗೆ?” ಎಂದರು.

ನೋಡುವುದೆಂದರೆ ವಿಮಾನದಲ್ಲಿ ಇಳಿದು, ಮಗಳ ಮನೆಯಲ್ಲಿ ಹದಿನೈದು ದಿನ ಕುಳಿತು, ಎರಡು ಅರಮನೆಗಳನ್ನೂ ಒಂದು ವಸ್ತುಸಂಗ್ರಹಾಲಯವನ್ನೂ ಸುತ್ತಿ ಬರುವುದೆಂದು ನಾವು ತಿಳಿದಿದ್ದೆವು. ಯಜಮಾನರಿಗೆ ಅದು ಸರಿಬೀಳಲಿಲ್ಲ. ಮೂವತ್ತು ವರುಷ ಹೈಸ್ಕೂಲಿನಲ್ಲಿ ಭೂಗೋಳವನ್ನು ಕಲಿಸಿದವರು ಅವರು. ರೈಲಿನ ಕಿಟಕಿಯಿಂದ ನೋಡಿದ ದೇಶವನ್ನು ನೋಡಿದಂತಲ್ಲವೆಂಬುದು ಅವರ ಹಳೆಯ ಸಿದ್ಧಾಂತ. ಮಗಳ ಊರಿನ ಮೇಲೆಯೇ ಹಾದುಹೋಗುವ ಒಂದು ಯಾತ್ರಾಮಾರ್ಗವುಂಟೆಂದು ಎಲ್ಲಿಯೋ ಓದಿ ತಿಳಿದುಕೊಂಡರು. ಆಗಲೇ ಅವರಿಗೆ ಅರುವತ್ತಮೂರು. ಬಲಮೊಣಕಾಲಿನಲ್ಲಿ ನೋವು ಬೇರೆ. ಮಗಳು ದೂರವಾಣಿಯಲ್ಲಿ ಕೂಗಾಡಿದಳು. ಫಲವೇನೂ ಆಗಲಿಲ್ಲ.

ಈ ಮಾರ್ಗವನ್ನು ಕುರಿತು ಎರಡು ಮಾತು ಹೇಳಬೇಕು. ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೊ ಎಂಬ ಕ್ಷೇತ್ರವಿದೆ. ಯೇಸುವಿನ ಶಿಷ್ಯರಲ್ಲೊಬ್ಬನಾದ ಯಾಕೋಬನ ಸಮಾಧಿಯು ಅಲ್ಲಿರುವುದೆಂದು ನಂಬಿ, ಯೂರೋಪಿನ ನಾನಾ ಮೂಲೆಗಳಿಂದ ಜನರು ಒಂದು ಸಾವಿರ ವರುಷಕ್ಕೂ ಮೇಲ್ಪಟ್ಟು ನಡೆದುಹೋಗುತ್ತಿರುವರು. ಕಾವೇರಿಗೆ ಉಪನದಿಗಳು ಸೇರುವಂತೆ ಆ ಮಹಾಮಾರ್ಗಕ್ಕೆ ಬಂದು ಸೇರುವ ದಾರಿಗಳು ಅನೇಕ. ಪೋಲೆಂಡಿನ ಗಡಿಯಲ್ಲಿರುವ ಗ್ಯೋರ್ಲಿಟ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ವೆರ್ರಾ ನದಿಯ ದಡದ ಫಾಖಾ ಎಂಬ ಊರಿನ ವರೆಗೆ ಹೋಗುವ ದಾರಿಯು ಅವುಗಳಲ್ಲೊಂದು. ಉದ್ದ ಸುಮಾರು ೪೫೦ ಕಿಲೋಮೀಟರು, ನಮ್ಮ ಹಳೆಯ ಲೆಕ್ಕದಲ್ಲಿ ೨೮೦ ಮೈಲಿ. ಇದು ಪೂರ್ವಕಾಲದಲ್ಲಿ ವರ್ತಕರ ಬಂಡಿಗಳು ಓಡಾಡುತ್ತಿದ್ದ ರಾಜಮಾರ್ಗ. ಮಧ್ಯೆ ಶತಮಾನಗಳ ಕಾಲ ಯಾತ್ರಿಕರು ಇದನ್ನು ಮರೆತಿದ್ದರು. ೨೦೦೩ನೆಯ ಇಸವಿಯಲ್ಲಿ ಕಥೋಲಿಕರೂ ಪ್ರಾಟೆಸ್ಟೆಂಟರೂ ಕೂಡಿ ಇದನ್ನು ಪುನಃ ತೆರೆದರು. ನಾವು ಕ್ರೈಸ್ತರಲ್ಲ, ಆದರೆ ಈ ದಾರಿಯಲ್ಲಿ ಯಾರೂ ಯಾತ್ರಿಕನ ಮತವನ್ನು ಕೇಳುವುದಿಲ್ಲ.

ಹೋದ ವರುಷ ಮೇ ತಿಂಗಳ ಎರಡನೆಯ ವಾರದಲ್ಲಿ ಗ್ಯೋರ್ಲಿಟ್ಸಿನಿಂದ ಹೊರಟೆವು. ಬೆನ್ನ ಮೇಲೆ ಒಂದೊಂದು ಚೀಲ; ಅದರಲ್ಲಿ ಎರಡು ಜೊತೆ ಬಟ್ಟೆ, ಮಳೆಯ ಅಂಗಿ, ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ಕೈಯಲ್ಲಿ ಯಾತ್ರಿಕರ ರಹದಾರಿ ಪುಸ್ತಕ. ಇಳಿದುಕೊಂಡ ಕಡೆಯಲ್ಲೆಲ್ಲ ಅದರ ಮೇಲೆ ಒಂದು ಮುದ್ರೆಯನ್ನು ಒತ್ತಿಸಿಕೊಳ್ಳುವುದು ಪದ್ಧತಿ. ಯಜಮಾನರು ಆರು ತಿಂಗಳು ಶ್ರಮಪಟ್ಟು ಜರ್ಮನ್ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದರು. ಅದು ಸಾಲದ ಕಡೆ ಕೈಸನ್ನೆಯೇ ನಮಗೆ ಗತಿಯಾಯಿತು.

ಗ್ಯೋರ್ಲಿಟ್ಸ್ ಬಹು ಸುಂದರವಾದ ಊರು. ಮಹಾಯುದ್ಧದಲ್ಲಿ ಅದು ನಾಶವಾಗದೆ ಉಳಿದುದರಿಂದ ಹಳೆಯ ಕಾಲದ ಮನೆಗಳ ಸಾಲುಗಳು ಹಾಗೆಯೇ ನಿಂತಿವೆ. ೧೯೪೫ರಲ್ಲಿ ನೈಸ್ಸೆ ನದಿಯೇ ಎರಡು ದೇಶಗಳ ಎಲ್ಲೆಯಾಯಿತು. ಊರಿನ ಆಚೆಯ ಭಾಗವು ಪೋಲೆಂಡಿಗೆ ಸೇರಿತು. ಈಗ ಕಾಲುಸೇತುವೆಯ ಮೇಲೆ ತರಕಾರಿ ಚೀಲ ಹಿಡಿದವರು ಯಾರ ಅಪ್ಪಣೆಯೂ ಇಲ್ಲದೆ ಈಚೆಯಿಂದ ಆಚೆಗೆ ಹೋಗಿ ಬರುತ್ತಾರೆ. ಈ ಊರಿನ ಎಮ್ಮೆರಿಖ್ ಎಂಬ ಶ್ರೀಮಂತನು ೧೪೬೫ರಲ್ಲಿ ಜೆರೂಸಲೇಮಿಗೆ ಯಾತ್ರೆ ಮಾಡಿದನಂತೆ. ಆ ಬಳಿಕ ಅಲ್ಲಿಯ ಯೇಸುವಿನ ಸಮಾಧಿಮಂದಿರದ ಪ್ರತಿರೂಪವನ್ನು ಇಲ್ಲಿ ಕಟ್ಟಿಸಿದರು. ಅಷ್ಟು ದೂರ ಹೋಗಲಾರದ ಬಡವರು ಇದನ್ನೇ ಸುತ್ತಿಬಂದು ಪುಣ್ಯವನ್ನು ಸಂಪಾದಿಸುತ್ತಿದ್ದರು. ಯಾಕೋಬ್ ಬ್ಯೋಮೆ ಎಂಬ ಅನುಭಾವಿಯೂ ಇದೇ ಊರಿನಲ್ಲಿದ್ದವನು (೧೫೭೫–೧೬೨೪). ಅವನ ಕಸಬು ಚಮ್ಮಾರಿಕೆ. ಅವನ ಬರೆವಣಿಗೆಯನ್ನು ಊರಿನ ಪಾದ್ರಿಯು ಸಹಿಸದೆ ನಿಷೇಧಿಸಿದನು. ಆ ಪಾದ್ರಿಯ ಹೆಸರು ಇಂದು ಯಾರಿಗೆ ನೆನಪಿದೆಯೋ ಕಾಣೆವು.

ಊರನ್ನು ಬಿಟ್ಟ ಕೂಡಲೆ ಹೊಲಗಳು. ಕಣ್ಣು ಹಾಯುವ ವರೆಗೆ ಸಾಸಿವೆಯ ಜಾತಿಯ ಎಣ್ಣೆಬೀಜದ ಪೈರು ಅರಿಸಿನವನ್ನು ಚೆಲ್ಲಿದಂತೆ ಹೂತಿತ್ತು. ಅದರ ಪಕ್ಕದಲ್ಲಿ ಜವೆಗೋಧಿಯ ಹಸುರು. ಮೇಲೆ ಆಕಾಶದಲ್ಲಿ ನಿಂತಲ್ಲಿಯೇ ನಿಂತು ಹಾಡುವ ಒಂದು ಸಣ್ಣ ಹಕ್ಕಿ. ನೀಲಿಯ ಮೇಲೆ ಹಳದಿಯ ಕಪ್ಪೆಚಿಪ್ಪಿನ ಗುರುತನ್ನು ಮರಗಳಿಗೂ ಕಂಬಗಳಿಗೂ ಹಚ್ಚಿರುತ್ತಾರೆ. ಅದೇ ದಾರಿತೋರುವ ಗುರುತು. ಒಂದು ದಿನದ ನಡಿಗೆಗೆ ಒಂದೊಂದರಂತೆ ಯಾತ್ರಿಕರ ಬಿಡಾರಗಳುಂಟು. ಕೆಲವು ಪಾದ್ರಿಯ ಮನೆಯ ಅಟ್ಟದಲ್ಲಿ, ಕೆಲವು ಮುಚ್ಚಿಹೋದ ಶಾಲೆಯಲ್ಲಿ, ಕೆಲವು ಗೃಹಸ್ಥರ ಮನೆಯ ಹಿತ್ತಿಲಲ್ಲಿ. ನಾಲ್ಕು ಮಂಚ, ಒಂದು ಒಲೆ, ಬಿಸಿನೀರು, ಬಾಗಿಲ ಬಳಿ ಒಂದು ಹುಂಡಿ. ಕೆಲವೆಡೆ ಸಣ್ಣದೊಂದು ಬಾಡಿಗೆಯನ್ನು ನಿಶ್ಚಯಿಸಿರುತ್ತಾರೆ. ಅನೇಕ ಕಡೆ ಕೊಟ್ಟಷ್ಟನ್ನು ಹುಂಡಿಯಲ್ಲಿ ಹಾಕಿದರಾಯಿತು, ನೋಡುವವರೇ ಇರುವುದಿಲ್ಲ. ಬೀಗದ ಕೈ ನೆರೆಮನೆಯಲ್ಲಿರುತ್ತದೆ. ಮೇಜಿನ ಮೇಲೆ ಬಂದುಹೋದವರು ತಮ್ಮ ಹೆಸರನ್ನು ಬರೆಯತಕ್ಕ ಒಂದು ಪುಸ್ತಕ. ಯಜಮಾನರು ಮೊದಲನೆಯ ರಾತ್ರಿಯೇ ಅದರಲ್ಲಿ ಕನ್ನಡದ ಅಕ್ಷರಗಳಿಂದ ನಮ್ಮಿಬ್ಬರ ಹೆಸರನ್ನೂ ಬರೆದು, ಮುಂದೆ “ಮೈಸೂರು” ಎಂದು ಸೇರಿಸಿದರು. ಅಲ್ಲಿಂದ ಮುಂದೆ ಒಂದು ರಾತ್ರಿಯೂ ಇದು ತಪ್ಪಲಿಲ್ಲ. ಇದು ಯಾವ ಲಿಪಿಯೆಂದು ಕೇಳಿದವರಿಗೆಲ್ಲ, “ನಿಮ್ಮ ಕಿಟ್ಟೆಲರು ಈ ಭಾಷೆಗೆ ೧೮೯೪ರಲ್ಲಿ ಒಂದು ದೊಡ್ಡ ನಿಘಂಟನ್ನು ಮಾಡಿಕೊಟ್ಟರು” ಎಂದು ಹೆಮ್ಮೆಯಿಂದ ಹೇಳುವರು. ಕೇಳಿದವರಲ್ಲಿ ಒಬ್ಬರಿಗಾದರೂ ಕಿಟ್ಟೆಲರು ಗೊತ್ತಿರಲಿಲ್ಲ. ಇದರಿಂದ ಯಜಮಾನರಿಗೆ ಸ್ವಲ್ಪ ವ್ಯಸನವೇ ಆಯಿತು.

ಮೂರನೆಯ ದಿನ ಬೌಟ್ಸೆನ್ ಪಟ್ಟಣ. ಸ್ಪ್ರೇ ನದಿಯ ಮೇಲಣ ಬಂಡೆಯ ಮೇಲೆ ಗೋಪುರಗಳ ಗುಂಪೊಂದು ದೂರದಿಂದಲೇ ಕಾಣಿಸುವುದು. ಅಲ್ಲಿಯ ಸಂತ ಪೇತ್ರನ ಇಗರ್ಜಿಯಲ್ಲಿ ನಾವು ಒಂದು ವಿಚಿತ್ರವನ್ನು ಕಂಡೆವು. ಲೂಥರನ ಸುಧಾರಣೆಯು ಜರ್ಮನಿಯನ್ನು ಸೀಳಿದ ಕಾಲದಲ್ಲಿ ಈ ಊರಿನವರೂ ಎರಡು ಪಕ್ಷವಾದರು. ಆದರೆ ಇಗರ್ಜಿ ಇದ್ದುದು ಒಂದೇ. ೧೫೨೪ರಿಂದ ಇಬ್ಬರೂ ಒಂದೇ ಛಾವಣಿಯ ಕೆಳಗೆ ಪೂಜೆಯನ್ನು ನಡೆಯಿಸುತ್ತಿರುವರು: ಗರ್ಭಗುಡಿಯ ಕಡೆಯ ಭಾಗ ಕಥೋಲಿಕರದು, ಸಭಾಮಂಟಪ ಪ್ರಾಟೆಸ್ಟೆಂಟರದು. ನಡುವೆ ಒಂದು ಜಾಲರಿ. ಹಿಂದೆ ಆ ಜಾಲರಿಯು ಆಳೆತ್ತರಕ್ಕೂ ಮೀರಿ ನಿಂತಿತ್ತಂತೆ. ಈಗ ಅದು ಸೊಂಟದ ಎತ್ತರಕ್ಕೆ ಇಳಿದಿದೆ. ಯಾರ ಪೂಜೆ ಯಾವ ಹೊತ್ತಿಗೆಂಬುದು ಒಪ್ಪಂದದಿಂದ ನಿಶ್ಚಯವಾಗಿದೆ. ಒಂದು ಮನೆಯನ್ನು ಅಣ್ಣತಮ್ಮಂದಿರು ಪಾಲುಮಾಡಿಕೊಂಡು, ನಡುಮನೆಯಲ್ಲಿ ಗೋಡೆಯೆಬ್ಬಿಸದೆ, ಐನೂರು ವರುಷ ಅಡಿಗೆಯ ಹೊತ್ತನ್ನು ಮಾತ್ರ ಬೇರೆ ಮಾಡಿಕೊಂಡಂತೆ! ಆ ಐನೂರು ವರುಷವೂ ಅವರು ಸಂತೋಷದಿಂದಲೇ ಇದ್ದರೆಂದು ನಾವು ಹೇಳಲಾರೆವು. ಪಾಲಿನ ಮನೆಯಲ್ಲಿ ಬಾಳಿದವರಿಗೆ ಅದರ ಕಷ್ಟ ಗೊತ್ತು.

ಇದೇ ಊರಿನಲ್ಲಿ ಪೂರ್ವಜರ್ಮನಿಯ ಗುಪ್ತಪೋಲೀಸರ ಸೆರೆಮನೆಯೂ ಇತ್ತು. ಈಗ ಅದು ಸ್ಮಾರಕ. ಅಲ್ಲಿಯ ಕೋಣೆಗಳನ್ನು ನೋಡಿ ಹೊರಕ್ಕೆ ಬಂದಮೇಲೆ ಆ ದಿನ ಹೆಚ್ಚು ಮಾತನಾಡುವ ಮನಸ್ಸಾಗಲಿಲ್ಲ.

ಬೌಟ್ಸೆನ್ನಿನ ಸುತ್ತ ಬೀದಿಯ ಹಲಗೆಗಳೆಲ್ಲ ಎರಡು ಭಾಷೆಗಳಲ್ಲಿವೆ. ಒಂದು ಜರ್ಮನ್, ಇನ್ನೊಂದು ಸೋರ್ಬಿ. ಸೋರ್ಬರೆಂಬುವರು ಸ್ಲಾವ್ ಕುಲದ ಜನ. ಜರ್ಮನರು ಬರುವುದಕ್ಕೆ ಮುಂಚೆಯೇ ಈ ನಾಡಿನಲ್ಲಿ ನೆಲಸಿದವರು. ಈಗ ಉಳಿದಿರುವವರು ಸುಮಾರು ಅರುವತ್ತು ಸಾವಿರ. ಅವರಲ್ಲಿಯೂ ಮನೆಯಲ್ಲಿ ಆ ಭಾಷೆಯನ್ನಾಡುವವರು ಬಹು ಕಡಿಮೆ. ಕ್ರೋಸ್ಟ್‌ವಿಟ್ಸ್ ಮೊದಲಾದ ಕಥೋಲಿಕ ಹಳ್ಳಿಗಳಲ್ಲಿ ಮಾತ್ರ ಅದು ಇನ್ನೂ ಮಕ್ಕಳ ಬಾಯಲ್ಲಿ ನಿಂತಿದೆ. ದಾರಿಯ ತಿರುವಿಗೊಂದು, ಹೊಲದ ಬದುವಿಗೊಂದು ಶಿಲುಬೆ. ಅದರ ಕೆಳಗೆ ಆ ಭಾಷೆಯಲ್ಲಿ ಕೆತ್ತಿದ ಪ್ರಾರ್ಥನೆ. ಪಾನ್‌ಶ್‌ವಿಟ್ಸ್ ಗ್ರಾಮದಲ್ಲಿ ೧೨೪೮ರಲ್ಲಿ ಸ್ಥಾಪಿತವಾದ ಸನ್ಯಾಸಿನಿಯರ ಮಠವೊಂದಿದೆ. ಲೂಥರನ ಗಲಭೆ, ಮೂವತ್ತು ವರುಷದ ಯುದ್ಧ, ಮಹಾಯುದ್ಧಗಳು, ದೇವರನ್ನೊಪ್ಪದ ಸರಕಾರದ ನಾಲ್ವತ್ತು ವರುಷಗಳು, ಇವಾವುದರಲ್ಲಿಯೂ ಮಠದ ಬಾಗಿಲು ಮುಚ್ಚಲಿಲ್ಲ. ಆ ರಾತ್ರಿ ನಾವು ಅಲ್ಲಿಯೇ ತಂಗಿದೆವು.

ಕ್ರೋಸ್ಟ್‌ವಿಟ್ಸಿನ ಇಗರ್ಜಿಯ ಮುಂದೆ ಒಂದು ಕಲ್ಲುಬೆಂಚಿನ ಮೇಲೆ ಕಪ್ಪು ಉಡುಪಿನ ಮುದುಕಿಯೊಬ್ಬರು ಕುಳಿತಿದ್ದರು. ನಾವು ನೀರು ಕೇಳಿದೆವು. ನೀರಿನೊಂದಿಗೆ ಒಂದು ತುಂಡು ಸಿಹಿರೊಟ್ಟಿಯನ್ನೂ ತಂದುಕೊಟ್ಟರು. ಎಲ್ಲಿಂದ ಬಂದಿರಿ, ಯಾಕೆ ನಡೆಯುತ್ತಿರುವಿರಿ ಎಂದು ವಿಚಾರಿಸಿದರು. ಯಜಮಾನರು ತಮ್ಮ ಹೊಸ ಜರ್ಮನ್ ಭಾಷೆಯಲ್ಲಿ ಮಗಳ ವಿಷಯವನ್ನು ಹೇಳಿದರು. ಮುದುಕಿ ತಲೆಯಾಡಿಸಿ, ತನ್ನ ಮಗನು ಡ್ರೆಸ್ಡೆನ್ನಿನಲ್ಲಿರುವನೆಂದೂ, ಅದು ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯೆಂದೂ, ಮೊಮ್ಮಕ್ಕಳು ತನ್ನ ಮಾತನ್ನು ಅರ್ಥಮಾಡಿಕೊಳ್ಳುವರಾದರೂ ಉತ್ತರವನ್ನು ಮಾತ್ರ ಜರ್ಮನಿನಲ್ಲಿ ಕೊಡುವರೆಂದೂ ಹೇಳಿದರು. “ಒಂದು ಗಂಟೆಯ ದಾರಿ” ಎಂದು ಎರಡು ಸಲ ಹೇಳಿದರು. ಅಲ್ಲಿಂದ ಎದ್ದು ಮುಂದಿನ ಹಳ್ಳಿಯ ವರೆಗೆ ಯಜಮಾನರು ನಮಗಿಂತ ಇಪ್ಪತ್ತು ಹೆಜ್ಜೆ ಮುಂದಾಗಿಯೇ ನಡೆದರು.

ಕಾಮೆಂಟ್ಸ್ ಊರು ಲೆಸ್ಸಿಂಗ್ ಎಂಬ ನಾಟಕಕಾರನ ಜನ್ಮಸ್ಥಳ (೧೭೨೯). ಅವನ ‘ಜ್ಞಾನಿ ನಾಥಾನ್’ ಎಂಬ ನಾಟಕದಲ್ಲಿ ಮೂರು ಉಂಗುರಗಳ ಕಥೆಯೊಂದು ಬರುವುದು. ತಂದೆಯೊಬ್ಬನಲ್ಲಿ ಒಂದೇ ದಿವ್ಯವಾದ ಉಂಗುರ, ಮಕ್ಕಳು ಮೂವರು, ಮೂವರೂ ಸಮಾನ ಪ್ರೀತಿಪಾತ್ರರು. ಆತನು ಅಂತಹವೇ ಇನ್ನೆರಡನ್ನು ಮಾಡಿಸಿ ಮೂವರಿಗೂ ಒಂದೊಂದನ್ನು ಕೊಟ್ಟು ಸಾಯುತ್ತಾನೆ. ನಿಜವಾದುದು ಯಾವುದೆಂಬ ವ್ಯಾಜ್ಯವು ಹುಟ್ಟಿ ನ್ಯಾಯಾಧಿಪತಿಯ ಬಳಿಗೆ ಹೋಗುತ್ತದೆ. ಯೆಹೂದ್ಯ, ಕ್ರೈಸ್ತ, ಮಹಮ್ಮದೀಯ ಮತಗಳನ್ನು ಕುರಿತು ಹೇಳಿದ ಮಾತಿದು. ನಾಟಕವು ಅಚ್ಚಾದುದು ೧೭೭೯ರಲ್ಲಿ. ಇಲ್ಲಿಗೆ ಸಮೀಪದ ಪುಲ್ಸ್‌ನಿಟ್ಸ್ ಎಂಬ ಊರಿನಲ್ಲಿ ಹುಟ್ಟಿದ ಸೀಗೆನ್‌ಬಾಲ್ಗನು ೧೭೦೬ರಲ್ಲಿ ನಮ್ಮ ತರಂಗಂಬಾಡಿಗೆ ಬಂದು ತಮಿಳನ್ನು ಕಲಿತು ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದನು. ಅವನ ತಾಯಿತಂದೆಗಳು ಆಗಲೇ ತೀರಿಹೋಗಿದ್ದರು. ನಮ್ಮಂತೆ ನೋಡಲು ಬರುವವರು ಅವನಿಗಿರಲಿಲ್ಲ.

ಇನ್ನು ನಾವು ದಾರಿ ತಪ್ಪಿದ ದಿನದ ವೃತ್ತಾಂತ. ಕ್ಯೋನಿಗ್ಸ್‌ಬ್ರುಕ್ ಎಂಬ ಊರನ್ನು ದಾಟಿದ ಮೇಲೆ ದೇವದಾರು ಜಾತಿಯ ಮರಗಳ ಕಾಡು. ತೊಗಟೆಯನ್ನು ಕೊರೆಯುವ ಒಂದು ಹುಳುವಿನಿಂದ ಮರಗಳು ಒಣಗಿಹೋಗಿ, ಒಂದು ಭಾಗದ ಕಾಡನ್ನೇ ಕಡಿದು ಉರುಳಿಸಿದ್ದರು. ಗುರುತು ಹಚ್ಚಿದ್ದ ಮರಗಳೂ ಅವುಗಳೊಂದಿಗೆ ಹೋಗಿದ್ದುವು. ಭೂಗೋಳದ ಪಂಡಿತರು ಸೂರ್ಯನನ್ನು ನೋಡಿ ದಿಕ್ಕನ್ನು ನಿಶ್ಚಯಿಸಿದರು. ಎರಡು ಗಂಟೆಯ ಕಾಲ ನಡೆದು, ಅದೇ ಉರುಳಿದ ಮರಗಳ ರಾಶಿಯ ಬಳಿಗೆ ಇನ್ನೊಂದು ಕಡೆಯಿಂದ ಬಂದು ಸೇರಿದೆವು! ಅಷ್ಟರಲ್ಲಿ ಮಳೆಯೂ ಹಿಡಿಯಿತು. ನಮ್ಮ ಹಿಮ್ಮಡಿಯಲ್ಲಿ ಎರಡು ಬೊಬ್ಬೆ. ಯಜಮಾನರ ಮೊಣಕಾಲು ಊದಿ ಕುಂಬಳದಂತಾಗಿತ್ತು. ಆ ದೇಶದಲ್ಲಿ ಮೇ ತಿಂಗಳಿನಲ್ಲಿ ರಾತ್ರಿ ಒಂಬತ್ತರ ವರೆಗೂ ಬೆಳಕಿರುವುದೇ ನಮ್ಮನ್ನು ಕಾಪಾಡಿತು.

ಹಳ್ಳಿಯನ್ನು ಮುಟ್ಟುವ ಹೊತ್ತಿಗೆ ಒಂಬತ್ತು ಮೀರಿತ್ತು. ಬೀಗದ ಕೈ ಇಗರ್ಜಿಯ ಎದುರು ಮನೆಯಲ್ಲಿರುವುದೆಂದು ಪುಸ್ತಕದಲ್ಲಿ ಬರೆದಿತ್ತು. ಬಾಗಿಲನ್ನು ತೆರೆದವರು ಎಪ್ಪತ್ತರ ಮೇಲಿನ ಒಬ್ಬ ಗೃಹಸ್ಥರು. ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, ಬಿಡಾರಕ್ಕೆ ಕಳುಹಿಸುವ ಬದಲು ತಮ್ಮ ಅಡಿಗೆಯ ಮನೆಯಲ್ಲಿ ಒಲೆಯ ಪಕ್ಕಕ್ಕೆ ಕುಳ್ಳಿರಿಸಿದರು. ನಾವು ಮಾಂಸವನ್ನು ತಿನ್ನುವುದಿಲ್ಲವೆಂದು ಅಂಜುತ್ತ ಹೇಳಿದೆವು. “ಅದಕ್ಕೇನು?” ಎಂದು ಸಿಪ್ಪೆಯೊಂದಿಗೆ ಬೇಯಿಸಿದ ಆಲೂಗಡ್ಡೆ, ಗಟ್ಟಿಯಾಗಿ ಹಿಂಡಿದ ಮೊಸರು, ಅದರ ಮೇಲೆ ಅಗಸೆಯ ಎಣ್ಣೆ, ಇವನ್ನು ಮುಂದಿಟ್ಟರು. ಆ ಸೀಮೆಯ ಬಡವರ ಊಟವಂತೆ. ಯಜಮಾನರು ಚಟ್ನಿಪುಡಿಯನ್ನು ತೆಗೆದರು. ಆತನು ಒಂದು ಚಿಟಿಕೆಯನ್ನು ಹಾಕಿಕೊಂಡು, ಕೆಮ್ಮಿ, ಕಣ್ಣೊರಸಿಕೊಂಡು, ಇನ್ನೊಂದು ಚಿಟಿಕೆಯನ್ನು ಕೇಳಿದನು. ಅಗಸೆಯ ಎಣ್ಣೆಯೂ ನಮ್ಮ ಚಟ್ನಿಪುಡಿಯೂ ಹೇಳಿಮಾಡಿಸಿದಂತೆ ಹೊಂದುವುವೆಂಬುದನ್ನು ವಾಚಕ ಸೋದರಿಯರಿಗೆ ತಿಳಿಸುತ್ತೇವೆ.

ಊಟದ ಮೇಲೆ, ತಾವು ಇಗರ್ಜಿಯ ಭಕ್ತರೇ ಎಂದು ಯಜಮಾನರು ಕೇಳಿದರು. ಆತನು ನಕ್ಕನು. ತನಗೆ ದೀಕ್ಷಾಸ್ನಾನವೇ ಆಗಿಲ್ಲ. ಹಿಂದಿನ ಸರಕಾರದ ಕಾಲದಲ್ಲಿ ಸಹಕಾರ ಬೇಸಾಯದ ಸಂಘದಲ್ಲಿ ಟ್ರಾಕ್ಟರ್ ನಡೆಸುತ್ತಿದ್ದವನು. ಪಾದ್ರಿಯು ಬಂದು ಬೀಗದ ಕೈಯನ್ನು ಇಟ್ಟುಕೊಳ್ಳಲು ಯಾರಾದರೂ ಬೇಕೆಂದಾಗ, ತನ್ನ ಮನೆಯೇ ಹತ್ತಿರವಾದುದರಿಂದ ಒಪ್ಪಿಕೊಂಡನು. ಆ ಭಾಗದ ಜನರಲ್ಲಿ ಬಹುಪಾಲು ಮಂದಿ ಈಗ ಯಾವ ಇಗರ್ಜಿಗೂ ಸೇರಿದವರಲ್ಲ. ಆದರೂ ಯಾತ್ರಿಕನಿಗೆ ಹಾಸಿಗೆಯೊದಗಿಸುವವರಲ್ಲಿ ಇಂತಹವರನ್ನು ನಾವು ಹಲವರನ್ನು ಕಂಡೆವು. ಆತನ ಹೆಂಡತಿ ತೀರಿಕೊಂಡು ಆರು ವರುಷ. ೧೯೯೦ರಲ್ಲಿ ಎರಡು ಜರ್ಮನಿಗಳೂ ಒಂದಾದ ಮೇಲೆ ಸಂಘವು ಮುಚ್ಚಿತು, ಕಾರ್ಖಾನೆಗಳು ಮುಚ್ಚಿದುವು, ಮಕ್ಕಳಿಲ್ಲದೆ ಶಾಲೆಯೂ ಮುಚ್ಚಿತು. ಇಬ್ಬರು ಹೆಣ್ಣುಮಕ್ಕಳೂ ಕೆಲಸವನ್ನರಸಿ ಪಶ್ಚಿಮಕ್ಕೆ ಹೋದರು. ಯಜಮಾನರು ನಮ್ಮ ಮಗಳು ಲೈಪ್ಸಿಗ್‌ನಲ್ಲಿರುವಳೆಂದು ಹೇಳಿದಾಗ ಆತನು ಬಹಳ ಹೊತ್ತು ಸುಮ್ಮನಿದ್ದು, “ನಮ್ಮವರು ಹೋದರು. ನಿಮ್ಮವಳು ಬಂದಳು. ಯಾರಾದರೂ ಬಂದುದು ಒಳ್ಳೆಯದೇ” ಎಂದನು. ಮರುದಿನ ಬೆಳಿಗ್ಗೆ ಊದಿದ ಮೊಣಕಾಲಿಗೆ ಎಲೆಕೋಸಿನ ಎಲೆಯನ್ನು ಜಜ್ಜಿ ಕಟ್ಟಿಕೊಟ್ಟನು. ಹುಂಡಿಯಲ್ಲಿ ಹಾಕುವುದನ್ನು ಅಲ್ಲಿಯೇ ಹಾಕಿರೆಂದು ಹೇಳಿ, ಊಟಕ್ಕೆ ಒಂದು ಕಾಸನ್ನೂ ಮುಟ್ಟಲಿಲ್ಲ. ಅಲ್ಲಿ ಒಂದು ದಿನ ವಿಶ್ರಮಿಸಿ ಹೊರಟೆವು.

ಮುಂದೆ ಎಲ್ಬೆ ನದಿ. ಅದರ ಸಮೀಪದ ಟ್ಸೈಟ್‌ಹೈನ್ ಎಂಬಲ್ಲಿ ಮಹಾಯುದ್ಧದ ಕಾಲದಲ್ಲಿ ಸೆರೆಯಾಳುಗಳ ಪಾಳೆಯವಿತ್ತು. ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಸೋವಿಯೆತ್ ಸೈನಿಕರು ಹಸಿವಿನಿಂದಲೂ ರೋಗದಿಂದಲೂ ಅಲ್ಲಿ ಮಡಿದರು. ಈಗ ಅಲ್ಲಿ ಹುಲ್ಲು, ಮರಗಳು, ಹೆಸರುಗಳನ್ನು ಕೆತ್ತಿದ ಫಲಕಗಳು. ಸ್ಟ್ರೇಲಾ ಎಂಬಲ್ಲಿ ದೋಣಿಯಿಂದ ನದಿಯನ್ನು ದಾಟಿದೆವು. ೧೯೪೫ರ ಏಪ್ರಿಲ್ ೨೫ರಂದು ಪೂರ್ವದಿಂದ ಬಂದ ರಷ್ಯದ ಸೇನೆಯೂ ಪಶ್ಚಿಮದಿಂದ ಬಂದ ಅಮೆರಿಕದ ಸೇನೆಯೂ ಮೊದಲು ಕೈಕುಲುಕಿದುದು ಇಲ್ಲಿಯೇ. ಕೆಳಗಡೆಯ ಟೋರ್ಗೌ ಪಟ್ಟಣದಲ್ಲಿ ಛಾಯಾಚಿತ್ರವನ್ನು ತೆಗೆದುದರಿಂದ ಕೀರ್ತಿಯೆಲ್ಲ ಆ ಊರಿನ ಪಾಲಾಯಿತು.

ಹನ್ನೆರಡನೆಯ ದಿನ ಸಂಜೆ ಲೈಪ್ಸಿಗ್. ಮಗಳು ಪಟ್ಟಣದ ಹೊರಗೆ ಮೂರು ಮೈಲಿ ಎದುರು ಬಂದಿದ್ದಳು. ತಂದೆಯ ಕುಂಟುನಡಿಗೆಯನ್ನು ನೋಡಿ ಅತ್ತಳು, ಆಮೇಲೆ ಬೈದಳು. ಆ ರಾತ್ರಿ ಅನ್ನ, ಸಾರು, ಹಪ್ಪಳ. ನಾಲ್ಕು ದಿನ ಅಲ್ಲಿದ್ದೆವು. ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬ ಮಹಾಸಂಗೀತಗಾರನು ೧೭೨೩ರಿಂದ ೧೭೫೦ರ ವರೆಗೆ ಸೇವೆ ಮಾಡಿದ ಸಂತ ತೋಮನ ಇಗರ್ಜಿಯನ್ನೂ ಸಂತ ನಿಕೊಲಾಸನ ಇಗರ್ಜಿಯನ್ನೂ ನೋಡಿದೆವು. ಈ ಎರಡನೆಯದರಲ್ಲಿ ೧೯೮೨ರಿಂದ ಪ್ರತಿ ಸೋಮವಾರವೂ ಶಾಂತಿಗಾಗಿ ಪ್ರಾರ್ಥನೆಯು ನಡೆಯುತ್ತಿತ್ತು. ೧೯೮೯ರ ಅಕ್ಟೋಬರ್ ೯ರಂದು ಪ್ರಾರ್ಥನೆಯಿಂದ ಹೊರಬಂದವರೊಂದಿಗೆ ಊರಿನವರೂ ಸೇರಿ ಸುಮಾರು ಎಪ್ಪತ್ತು ಸಾವಿರ ಜನರು ಬೀದಿಯಲ್ಲಿ ನಡೆದರು. ಸಿಪಾಯಿಗಳು ಸಿದ್ಧರಾಗಿದ್ದರು, ಆದರೆ ಒಂದು ಗುಂಡೂ ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ನಿನ ಗೋಡೆಯು ತೆರೆಯಿತು.

ಮೂರನೆಯ ದಿನ ರಾತ್ರಿ ಮಗಳು ತಾನಾಗಿಯೇ ಮಾತನ್ನೆತ್ತಿದಳು. “ಅಪ್ಪಾ, ನಿಮಗೆ ನನ್ನ ಮೇಲೆ ಕೋಪವೆ?” ಎಂದಳು. ಯಜಮಾನರು, ಕೋಪವಿಲ್ಲವೆಂದೂ, ಆದರೆ ಮೈಸೂರಿನ ಮನೆಯ ಹಿಂದಿನ ಕೋಣೆಯನ್ನು ಹತ್ತು ದಿನಕ್ಕೊಮ್ಮೆ ಗುಡಿಸಿ ಇಡುತ್ತಿರುವೆವೆಂದೂ, ಇನ್ನು ಮುಂದೆ ಅದನ್ನು ಏನು ಮಾಡಬೇಕೋ ತಿಳಿಯದೆಂದೂ ಹೇಳಿದರು. ಅವಳು, “ಗುಡಿಸಿಯೇ ಇಡಿ. ವರುಷಕ್ಕೊಮ್ಮೆ ಬರುವುದಿಲ್ಲವೆಂದು ನಾನು ಯಾವಾಗ ಹೇಳಿದೆ?” ಎಂದಳು. ಇಷ್ಟೇ ಮಾತು. ಮೊಣಕಾಲಿನ ದೆಸೆಯಿಂದ ಇಲ್ಲಿಗೇ ಯಾತ್ರೆಯನ್ನು ಮುಗಿಸಬೇಕೆಂದು ಅವಳು ಹಟ ಹಿಡಿದಳು. ಮೂವರಲ್ಲಿಯೂ ವಾದವಾಗಿ, ದಿನಕ್ಕೆ ಹತ್ತು ಮೈಲಿಗೆ ಮೀರಿ ನಡೆಯತಕ್ಕುದಲ್ಲವೆಂದೂ, ಎರ್ಫುರ್ಟಿನಲ್ಲಿ ತಾನು ಬಂದು ಕೂಡಿಕೊಳ್ಳುವೆನೆಂದೂ ಒಪ್ಪಂದವಾಯಿತು. ಬೌಟ್ಸೆನ್ನಿನ ಜಾಲರಿಯ ನೆನಪು ನಮಗಾಯಿತು.

ಲೈಪ್ಸಿಗ್‌ನಿಂದ ಮುಂದಿನದನ್ನು ಬೇಗನೆ ಹೇಳಿ ಮುಗಿಸುವೆವು. ಮೆರ್ಸೆಬುರ್ಗಿನ ದೊಡ್ಡ ಇಗರ್ಜಿ. ಫ್ರೈಬುರ್ಗಿನ ಸುತ್ತ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಮೆಟ್ಟಿಲುಮೆಟ್ಟಿಲಾಗಿ ದ್ರಾಕ್ಷಿಯ ತೋಟಗಳು. ನೌಂಬುರ್ಗಿನ ಇಗರ್ಜಿಯಲ್ಲಿ ಹದಿಮೂರನೆಯ ಶತಮಾನದ ಹನ್ನೆರಡು ದಾನಿಗಳ ಕಲ್ಲಿನ ವಿಗ್ರಹಗಳು. ಅವುಗಳಲ್ಲಿ ಊತಾ ಎಂಬ ರಾಣಿಯು ತನ್ನ ಮೇಲುಹೊದಿಕೆಯ ಕೊರಳನ್ನು ಎತ್ತಿ ಕೆನ್ನೆಗೆ ಮರೆಮಾಡಿಕೊಂಡು ನಿಂತಿರುವ ಭಂಗಿಯನ್ನು ನೋಡಿದರೆ ಅಲ್ಲಿ ಶೀತಗಾಳಿಯು ಬೀಸುತ್ತಿರುವಂತೆ ತೋರುವುದು. ಆವೆರ್‌ಸ್ಟೆಟ್ ಎಂಬ ಚಿಕ್ಕ ಹಳ್ಳಿಯಲ್ಲಿ ೧೮೦೬ರ ಅಕ್ಟೋಬರ್ ೧೪ರಂದು ನೆಪೋಲಿಯನ್ನನ ಸೇನಾಪತಿಯು ಪ್ರಷ್ಯದ ಸೇನೆಯನ್ನು ಮುರಿದನು. ನಾವು ಹೋದಾಗ ಅಲ್ಲಿ ಹುಲ್ಲು ಕೊಯ್ಯುತ್ತಿದ್ದರು.

ಎರ್ಫುರ್ಟ್ ಲೂಥರನ ಊರು. ಸಿಡಿಲಿಗೆ ಹೆದರಿ ಹರಕೆ ಹೊತ್ತ ಆ ತರುಣನು ೧೫೦೫ರ ಜುಲೈ ೧೭ರಂದು ಇಲ್ಲಿಯ ಮಠದ ಬಾಗಿಲನ್ನು ತಟ್ಟಿದನು. ಮುಂದೆ ಅವನೇ ಹರಕೆಗಳನ್ನೂ ಯಾತ್ರೆಗಳನ್ನೂ ಖಂಡಿಸಿದನು. ಮನೆಯಲ್ಲಿ ಹೆಂಡತಿಮಕ್ಕಳನ್ನು ಉಪವಾಸ ಕೆಡವಿ, ಹಣವನ್ನು ದಾರಿಯಲ್ಲಿ ಸುರಿದು ಕ್ಷೇತ್ರಕ್ಕೆ ಓಡುವುದರಿಂದ ಏನು ಫಲವೆಂಬುದು ಅವನ ಪ್ರಶ್ನೆ. ಸಾಂತಿಯಾಗೊವಿನಲ್ಲಿ ಹೂತಿರುವುದು ಯಾಕೋಬನೇ ಹೌದೆಂದು ಯಾರು ಬಲ್ಲರೆಂದು
ಹಾಸ್ಯವನ್ನೂ ಮಾಡಿದನು. ಅವನ ಅನುಯಾಯಿಗಳ ನಾಡಿನಲ್ಲಿ ಈ ದಾರಿಗಳು ಪಾಳುಬಿದ್ದುದಕ್ಕೆ ಇದು ಮುಖ್ಯ ಕಾರಣ. ಇಂದು ಅದೇ ನಾಡಿನ ಪಾದ್ರಿಗಳು ಯಾತ್ರಿಕನ ಪುಸ್ತಕಕ್ಕೆ ಮುದ್ರೆಯೊತ್ತುತ್ತಾರೆ. ಲೂಥರನ ಮಾತಿನಲ್ಲಿ ಮೊದಲನೆಯದು ನ್ಯಾಯವಾದುದೆಂದೇ ನಮಗೂ ತೋರುವುದು.

ಮಗಳು ರಜವನ್ನು ಪಡೆದು ಬಂದಳು. ಗೋಥಾದ ಮೇಲೆ ಐಸೆನಾಖಿಗೆ ಮೂವರೂ ನಡೆದೆವು. ರಸ್ತೆಯ ಪಕ್ಕದ ಮರಗಳಲ್ಲಿ ಚೆರಿಹಣ್ಣು ಕೆಂಪಾಗತೊಡಗಿತ್ತು. ಊರಿನ ಮೇಲಿನ ವಾರ್ಟ್‌ಬುರ್ಗ್ ಕೋಟೆಯಲ್ಲಿಯೇ ಲೂಥರನು ೧೫೨೧–೨೨ರಲ್ಲಿ ಮರೆಯಾಗಿದ್ದು, ಹನ್ನೊಂದು ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದುದು. ನಮ್ಮ ಮನಸ್ಸನ್ನು ಹಿಡಿದವಳು ಮಾತ್ರ ಎಲಿಸಬೆತ್ ಎಂಬ ರಾಣಿ. ಹಂಗೇರಿಯ ರಾಜನ ಮಗಳು; ನಾಲ್ಕು ವರುಷದ ಕೂಸಾಗಿರುವಾಗಲೇ, ೧೨೧೧ರಲ್ಲಿ, ಮುಂದೆ ಈ ಮನೆಗೆ ಸೊಸೆಯಾಗಲೆಂದು ತಾಯಿತಂದೆಗಳು ಇವಳನ್ನು ಇಷ್ಟು ದೂರಕ್ಕೆ ಕಳುಹಿಸಿಕೊಟ್ಟರು. ಇಪ್ಪತ್ತರಲ್ಲಿ ವಿಧವೆಯಾದಳು, ಇದ್ದುದನ್ನು ಬಡವರಿಗೂ ರೋಗಿಗಳಿಗೂ ಸುರಿದು ೧೨೩೧ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮಾರ್ಬುರ್ಗಿನಲ್ಲಿ ತೀರಿದಳು. ಉಡಿಯಲ್ಲಿ ರೊಟ್ಟಿಯನ್ನು ಮರೆಮಾಡಿಕೊಂಡು ಬಡವರಿಗೆ ಒಯ್ಯುತ್ತಿದ್ದಾಗ ತಡೆದು ನೋಡಿದವರಿಗೆ ಅದು ಗುಲಾಬಿಯ ಹೂವಾಗಿ ಕಂಡಿತೆಂದು ಕಥೆ. ಯಜಮಾನರು ಆ ಚಿತ್ರದ ಮುಂದೆ ನಿಂತು, “ನಾಲ್ಕು ವರುಷದ ಮಗು!” ಎಂದರು. ಮಗಳು, “ನಾನು ಹೊರಟಾಗ ನನಗೆ ಇಪ್ಪತ್ತಮೂರು, ಅಪ್ಪಾ” ಎಂದಳು.

ಮೂರು ದಿನಕ್ಕೆ ಫಾಖಾ. ವೆರ್ರಾ ನದಿಯ ಮೇಲೆ ಅನೇಕ ಕಮಾನುಗಳ ಹಳೆಯ ಕಲ್ಲಿನ ಸೇತುವೆ. ಎರಡು ಜರ್ಮನಿಗಳಿದ್ದಾಗ ಈ ಸೇತುವೆಯ ಬಳಿಯಲ್ಲಿಯೇ ಗಡಿಯು ಹಾದುಹೋಗಿತ್ತು; ಆಚೆಯ ದಡದ ಒಂದು ಮುದ್ರಣಾಲಯದ ಮನೆಯ ನಡುವೆಯೇ ಗೆರೆಯು ಬಿದ್ದು, ಮನೆಯೊಳಗೆ ಗೋಡೆಯನ್ನು ಎಬ್ಬಿಸಬೇಕಾಯಿತಂತೆ. ನಾಲ್ವತ್ತು ವರುಷದ ಹತ್ತಿರ ಹತ್ತಿರ ಸೇತುವೆಯ ಮೇಲೆ ಜನಸಂಚಾರವೇ ಇರಲಿಲ್ಲ. ೧೯೮೯ರ ನವೆಂಬರಿನಲ್ಲಿ ಅದು ತೆರೆಯಿತು. ಈಗ ಅದಕ್ಕೆ ಐಕ್ಯದ ಸೇತುವೆಯೆಂದು ಹೆಸರು. ಮೂವರೂ ಆಚೆಯ ದಡದ ವರೆಗೆ ನಡೆದು ಹಿಂದಿರುಗಿದೆವು. ಸಾಂತಿಯಾಗೊಗೆ ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಅದು ನಮ್ಮ ಲೆಕ್ಕದಲ್ಲಿರಲಿಲ್ಲ.

ಬಿಡಾರದಲ್ಲಿ ಮುದ್ರೆಯನ್ನು ಒತ್ತಿಸಿಕೊಂಡ ಮೇಲೆ ಯಜಮಾನರು ಪುಸ್ತಕವನ್ನೂ ಲೇಖಣಿಯನ್ನೂ ಮಗಳ ಮುಂದಕ್ಕೆ ಸರಿಸಿ, “ಈ ಸಲ ನೀನು ಬರೆ” ಎಂದರು. ಕನ್ನಡವನ್ನು ಕೈಯಲ್ಲಿ ಬರೆದು ಎಷ್ಟೋ ಕಾಲವಾಗಿತ್ತವಳಿಗೆ. ನಿಧಾನವಾಗಿ ನಮ್ಮಿಬ್ಬರ ಹೆಸರನ್ನು ಬರೆದು ಮುಂದೆ “ಮೈಸೂರು” ಎಂದು ಬರೆದಳು. ಕೆಳಗೆ ತನ್ನ ಹೆಸರನ್ನು ಬರೆದು ಸ್ವಲ್ಪ ತಡೆದು “ಲೈಪಿಗ್” ಎಂದು ಬರೆದಳು. ಯಜಮಾನರು ಲೇಖಣಿಯನ್ನು ಈಸಿಕೊಂಡು, ಬಿಟ್ಟುಹೋಗಿದ್ದ ಸಕಾರದ ಒತ್ತನ್ನು ಕೊಟ್ಟರು. ಮಧ್ಯಾಹ್ನದ ಬಸ್ಸಿಗೆ ಮೂವರೂ ಹೊರಟೆವು.